ಎಂಟು ಜೋಡಿ ಎಲೆಗಳು

ಫೆಬ್ರವರಿ ೩, ೨೦೨೫, ಸೋಮವಾರ, ತುಮಕೂರು

ಇವತ್ತು ಅನಂತರಾಜು ಸರ್ ಕರೆದು, "ಅನುಪಮಾ, ಆ ಸಾಫ್ಟ್‌ವೇರನ್ನ ನೀವೇ ಹಾಕಿ ನೋಡಿ," ಅಂದುಬಿಟ್ಟರು. ನಾನು ಬಾಟನಿ ಓದಿದವಳು. ಎಲೆ ಕಿತ್ತು, ಅರೆದು, ಡಿಎನ್‌ಎ ತೆಗೆದುಕೊಡು ಅಂದರೆ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ನಮ್ಮ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ಚೈತನ್ಯನದು. ಆದರೆ ಸರ್ ಅವನನ್ನು ಬೇರೊಂದು ವರದಿ ಬರೆಯಲು ಕೂರಿಸಿದ್ದಾರೆ.

ಕೆಲಸ ಹಲಸಿನದು. ಚೇಳೂರಿನ ನಮ್ಮ ಹೊಲದ ಬದುವಿನಲ್ಲಿ ಕೆಂಪು ತೊಳೆಯ ಒಂದು ಹಲಸಿನ ಮರವಿದೆ. ಅಪ್ಪ ಅದರ ಕಡ್ಡಿಯಿಂದ ಕಸಿ ಕಟ್ಟಿ ಕೊಟ್ಟ ಗಿಡಗಳು ಗುಬ್ಬಿಯಲ್ಲೂ ಇವೆ, ಕುಣಿಗಲ್ ಕಡೆಯೂ ಇವೆ. ಗುಬ್ಬಿಯ ಕದರಯ್ಯನವರ ತೋಟದ ಹಣ್ಣು ತಾಯಿಮರದ ಹಾಗೇ ಕೆಂಪಗೆ, ಸಿಹಿಯಾಗಿ ಇರುತ್ತದೆ. ಕುಣಿಗಲ್ ಹತ್ತಿರದ ಹನುಮಕ್ಕನ ಜಮೀನಿನದು ಬಿಳುಚಿಕೊಂಡ ತೊಳೆ, ಬರೀ ನಾರು. ಒಂದೇ ಮರದ ಕಸಿಯಾದ ಮೇಲೆ ವಂಶವಾಹಿ ಒಂದೇ ಇರಬೇಕು. ಆದರೆ ಬಿಸಿಲು, ಮಣ್ಣು, ನೀರಿನ ಕೊರತೆ ಎಲ್ಲವೂ ಡಿಎನ್‌ಎ ಮೇಲೆ ಸಣ್ಣ ಸಣ್ಣ ಗುರುತು ಬಿಟ್ಟು ಹೋಗುತ್ತವೆ. ಡಿಎನ್‌ಎಯ ಅಕ್ಷರ ಬದಲಾಗುವುದಿಲ್ಲ, ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎನ್ನುವ ಗುರುತು ಮಾತ್ರ ಬದಲಾಗುತ್ತದೆ. ಯಾವ ಮರದಲ್ಲಿ ಯಾವ ಗುರುತು ಎಷ್ಟಿದೆ ಎಂದು ಎಲೆಯಿಂದ ಎಲೆಗೆ ಹೋಲಿಸಿ ಹೇಳುವುದು ಈ ಸಾಫ್ಟ್‌ವೇರಿನ ಕೆಲಸ. ಗುಬ್ಬಿಯ ಎಂಟು ಮರ, ಕುಣಿಗಲ್‌ನ ಎಂಟು ಮರ, ಜೊತೆಗೆ ನಮ್ಮ ತಾಯಿಮರ.

ಹತ್ತು ವರ್ಷದ ಹಿಂದೆ ಆ ಹನುಮಕ್ಕ ಚೇಳೂರಿಗೆ ಬಂದು, ನಮ್ಮ ಮನೆ ಮುಂದೆ ನಿಂತು, "ಮೋಸಗಾರ, ಬ್ಯಾರೆ ಗಿಡ ಕೊಟ್ಟೆ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. ನಾನಾಗ ಪಿಯುಸಿ. ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಅವಳು ಹೋದ ಮೇಲೆ ಒಳಗೆ ಬಂದು, "ನೀರು ಹಾಕಿಲ್ಲ ಅವ್ಳು. ಗಿಡ ಏನ್ಮಾಡುತ್ತೆ?" ಅಂದ. ಆ ಮಾತಿಗಾಗಿಯೇ ನಾನು ಬಾಟನಿ ತೆಗೆದುಕೊಂಡೆ. ಯಾರಿಗೂ ಹೇಳಿಲ್ಲ. ಇಲ್ಲಿ ಬರೆದುಕೊಳ್ಳಬಹುದು.

ಸಂಜೆ ಚೈತನ್ಯನಿಗೆ ಹೇಳಿದೆ. "ಅಯ್ಯೋ, ಅದನ್ನ ಹಾಕೋದು ದೊಡ್ಡ ತಲೆನೋವು ಅನು. ನಾನು ಬಿಡುವಾದಾಗ ನೋಡ್ತೀನಿ, ನೀನು ತಲೆ ಕೆಡಿಸ್ಕೋಬೇಡ," ಅಂದ. ಅವನಿಲ್ಲದಿದ್ದರೆ ನಾನು ಇಲ್ಲಿ ಎರಡು ವರ್ಷ ಉಳಿಯುತ್ತಿರಲಿಲ್ಲ.

ಫೆಬ್ರವರಿ ೬, ಗುರುವಾರ

ಮೂರು ದಿನದಿಂದ ಒಂದೇ ಪರದೆ. ಕೆಂಪು ಸಾಲುಗಳು ಬರುತ್ತಲೇ ಇರುತ್ತವೆ. ಸಾಫ್ಟ್‌ವೇರ್ ಹಾಕಲು ಹೋದರೆ ಇನ್ನೊಂದು ಪ್ಯಾಕೇಜ್ ಬೇಕು ಅನ್ನುತ್ತದೆ. ಅದನ್ನು ಹಾಕಲು ಹೋದರೆ ಅದಕ್ಕೆ ಮತ್ತೆ ಎರಡು ಬೇಕು. ಆ ಎರಡರಲ್ಲಿ ಒಂದಕ್ಕೆ ನಮ್ಮ ಕಂಪ್ಯೂಟರ್ ತೀರಾ ಹಳತು. ಮದುವೆ ಮನೆಗೆ ಒಬ್ಬರನ್ನು ಕರೆದರೆ ಅವರ ಷಡ್ಡಕ, ಷಡ್ಡಕನ ತಂಗಿ ಎಲ್ಲರೂ ಬಂದು ನಿಂತ ಹಾಗೆ.

ಚೈತನ್ಯ ಬೆನ್ನ ಹಿಂದೆ ಬಂದು ನೋಡಿದ. "ಬಿಡು ಅನು. ಸರ್‌ಗೆ ಆಗಲ್ಲ ಅಂತ ಹೇಳಿಬಿಡು. ಹಳೇ ವಿಧಾನದಲ್ಲೇ ಒಂದು ಸರಾಸರಿ ತೆಗೆದು ಕೊಡೋಣ, ಸಾಕು." ಪಾಪ, ನನ್ನ ಮುಖ ನೋಡಿ ಹಾಗಂದ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದ.

ಫೆಬ್ರವರಿ ೧೩, ಗುರುವಾರ

ಆಗಲಿಲ್ಲ.

ಫೆಬ್ರವರಿ ೧೭, ಸೋಮವಾರ

ಮುಕ್ಕಾಲು ಭಾಗ ಆಗಿತ್ತು, ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಅದೂ ಮಲಗಿತು. ಮತ್ತೆ ಮೊದಲಿಂದ.

ಈ ಸಾಫ್ಟ್‌ವೇರ್ ಬಳಸುವವರದೇ ಒಂದು ವೇದಿಕೆ ಇಂಟರ್‌ನೆಟ್ಟಿನಲ್ಲಿದೆ. ನನ್ನ ಕೆಂಪು ಸಾಲುಗಳನ್ನು ಅಲ್ಲಿ ಹಾಕಿ, ಹರಕುಮುರುಕು ಇಂಗ್ಲಿಷಿನಲ್ಲಿ ಸಹಾಯ ಕೇಳಿದೆ. ಚೈತನ್ಯನಿಗೆ ಹೇಳಿದ್ದಕ್ಕೆ ಸಿಡುಕಿದ. "ಹೊರಗಡೆಯವರ ಹತ್ರ ಯಾಕೆ ಕೇಳ್ದೆ? ನಾನು ಇರಲಿಲ್ವಾ?" ಅವನಿಗೆ ಬೇಸರವಾಗಿದ್ದಕ್ಕೆ ನನಗೂ ಬೇಸರವಾಯಿತು. ಅವನನ್ನು ಕೇಳಿಯೇ ಮಾಡಬೇಕಿತ್ತು.

ಫೆಬ್ರವರಿ ೨೦, ಗುರುವಾರ

ಆಯಿತು! ಮಧ್ಯಾಹ್ನ ಎರಡು ನಲವತ್ತಕ್ಕೆ!

ಗುರುತು ಪರಿಚಯವಿಲ್ಲದ ಯಾರೋ ಒಬ್ಬರು ಉತ್ತರ ಬರೆದಿದ್ದರು. ಇರುವುದರ ಮೇಲೆ ಹೊಸದನ್ನು ಹೇರಬೇಡ, ಪಕ್ಕದಲ್ಲಿ ಬೇರೆಯೇ ಒಂದು ಕೋಣೆ ಕಟ್ಟಿ, ಬೇಕಾದ್ದನ್ನೆಲ್ಲ ಹೊಸದಾಗಿ ಅಲ್ಲೇ ಇಡು ಎನ್ನುವ ಅರ್ಥದಲ್ಲಿ. ಹಾಗೇ ಮಾಡಿದೆ. ಐವತ್ತೆರಡು ನಿಮಿಷ ಸಾಲುಗಳು ಓಡಿದವು. ಕೊನೆಗೆ ಒಂದು ಸಣ್ಣ ಪದ, ಮುಗಿಯಿತು ಅಂತ. ಕುರ್ಚಿಯಿಂದ ಎದ್ದು ಕಾರಿಡಾರಿನಲ್ಲಿ ಸುಮ್ಮನೆ ಒಂದು ಸುತ್ತು ನಡೆದು ಬಂದೆ.

ಅಪ್ಪನಿಗೆ ಫೋನ್ ಮಾಡಿದೆ. "ನಾಳೆ ಗೊತ್ತಾಗುತ್ತೆ ಅಪ್ಪ, ಗಿಡ ನಮ್ದೇ, ಮಣ್ಣಿನಿಂದ ಹಂಗಾಗಿರೋದು ಅಂತ," ಅಂದೆ. ಅಪ್ಪ, "ಚೈತನ್ಯ ಏನಂದ?" ಅಂತ ಕೇಳಿದ. ಅವನನ್ನು ಕಂಡರೆ ಅಪ್ಪನಿಗೆ ಬಲು ಇಷ್ಟ.

ಫೆಬ್ರವರಿ ೨೧, ಶುಕ್ರವಾರ

ಏನೋ ತಪ್ಪಾಗಿದೆ.

ಹದಿನೇಳು ಎಲೆಗಳ ಮಾಹಿತಿ ಕೊಟ್ಟರೆ ಸಾಫ್ಟ್‌ವೇರ್ ಒಂದು ಚಿತ್ರ ಬರೆದುಕೊಡುತ್ತದೆ, ಕವಲೊಡೆಯುತ್ತಾ ಹೋಗುವ ಕೊಂಬೆಗಳ ಹಾಗೆ. ಹೆಚ್ಚು ಹೋಲುವ ಎಲೆಗಳು ಒಂದೇ ಕವಲಿನಲ್ಲಿ ಕೂರುತ್ತವೆ. ಗುಬ್ಬಿಯವೆಲ್ಲ ಒಂದು ಕಡೆ, ಕುಣಿಗಲ್‌ನವೆಲ್ಲ ಇನ್ನೊಂದು ಕಡೆ ಬರಬೇಕಿತ್ತು. ಇಲ್ಲವೇ ಎಲ್ಲ ಕಲಸಿಕೊಂಡು ಬರಬೇಕಿತ್ತು. ಬಂದಿದ್ದು ಎರಡೂ ಅಲ್ಲ. ಗುಬ್ಬಿಯ ಒಂದನೇ ಮರದ ಪಕ್ಕ ಕುಣಿಗಲ್‌ನ ಒಂದನೇ ಮರ. ಎರಡರ ಪಕ್ಕ ಎರಡು. ಮೂರರ ಪಕ್ಕ ಮೂರು. ಎಂಟು ಜೋಡಿ, ಅವಳಿ ಮಕ್ಕಳ ಹಾಗೆ ಒಂದನ್ನೊಂದು ಅಂಟಿಕೊಂಡು.

ಒಂದೇ ಕಡತವನ್ನು ಎರಡು ಸಲ ಓದಿಸಿರಬೇಕು ನಾನು. ದಡ್ಡಿ.

ಫೆಬ್ರವರಿ ೨೫, ಮಂಗಳವಾರ

ಕಡತ ಬೇರೆ ಬೇರೆಯೇ. ಹೆಸರು ನೋಡಿದೆ, ಗಾತ್ರ ನೋಡಿದೆ, ಒಳಗಿನ ಸಾಲು ನೋಡಿದೆ. ಹಾಗಾದರೆ ಸಾಫ್ಟ್‌ವೇರನ್ನೇ ಸರಿಯಾಗಿ ಹಾಕಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಈ ಸಲ ಒಂದು ಗಂಟೆಯಲ್ಲಿ ಮುಗಿಯಿತು.

ಎಂಟು ಜೋಡಿ.

ಮಾರ್ಚ್ ೧, ಶನಿವಾರ

ಮೂರನೇ ಸಲ, ಗ್ರಂಥಾಲಯದ ಪಕ್ಕದ ಕೋಣೆಯ ಬೇರೆ ಕಂಪ್ಯೂಟರಿನಲ್ಲಿ ಹಾಕಿದೆ. ಎಂಟು ಜೋಡಿ.

ಸಾಫ್ಟ್‌ವೇರಿನ ಜೊತೆ ಕೊಡುವ ಮಾದರಿ ಮಾಹಿತಿ ಹಾಕಿ ನೋಡಿದೆ. ಅದು ಪುಸ್ತಕದಲ್ಲಿರುವ ಹಾಗೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಬಂತು. ಸಾಫ್ಟ್‌ವೇರ್ ಸರಿಯಿದೆ.

ಒಂದೇ ಮರದ ಎರಡು ಎಲೆಗಳಾದರೆ ಮಾತ್ರ ಹೀಗೆ ಅಂಟಿಕೊಳ್ಳಬೇಕು. ನನಗಿದು ಇಷ್ಟವಾಗುತ್ತಿಲ್ಲ.

ಮಾರ್ಚ್ ೩, ಸೋಮವಾರ

ಚೈತನ್ಯನಿಗೆ ಚಿತ್ರ ತೋರಿಸಿದೆ. ಒಂದು ಕ್ಷಣ ನೋಡಿದ, ಆಮೇಲೆ ಪರದೆಯನ್ನು ನೋಡಲೇ ಇಲ್ಲ, ನನ್ನನ್ನೇ ನೋಡಿದ.

"ಏನೋ ಬಗ್ ಇರ್ಬೇಕು. ಅಳಿಸಿಬಿಡು."

"ಮೂರು ಸಲ ಹಾಕಿದೆ ಚೈತನ್ಯ. ಮೂರು ಸಲವೂ ಇದೇ."

"ನೋಡು ಅನು, ಎರಡೂ ಕಡೆ ಮರ ಒಂದೇ ಅಂತ ಬಂದಿದೆ ತಾನೆ? ನಿಮ್ಮಪ್ಪ ಕೊಟ್ಟ ಗಿಡ ಸರಿಯಿತ್ತು ಅಂತಾಯ್ತು. ನಿಂಗೆ ಬೇಕಾಗಿದ್ದೂ ಅದೇ ಅಲ್ವಾ? ಇನ್ನೇನು ಬೇಕು?"

ನನಗೆ ಬೇಕಾಗಿದ್ದು ಅದೇ, ನಿಜ. ಆದರೆ ಅದು ನನಗೆ ಬೇಕು ಎಂದು ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ.

ನವೆಂಬರಿನಲ್ಲಿ ಕುಣಿಗಲ್‌ಗೆ ಎಲೆ ತರಲು ಹೊರಟವಳು ನಾನು. "ಆ ಹೆಂಗ್ಸು ಬಾಯಿಗೆ ಬಂದಂಗೆ ಬೈತಾಳೆ, ನೀನು ಹೋಗ್ಬ್ಯಾಡ," ಅಂತ ಅಪ್ಪ ತಡೆದ. "ನಾನು ಹೋಗ್ತೀನಿ ಬಿಡಿ," ಅಂತ ಚೈತನ್ಯ ಹೋಗಿಬಂದ. ಐಸ್ ಡಬ್ಬಿಯಲ್ಲಿ ಎಂಟು ಪೊಟ್ಟಣ. ಪೊಟ್ಟಣದ ಮೇಲೆ ನನ್ನ ಕೈಬರಹದ ಚೀಟಿ. ಚೀಟಿಗಳನ್ನು ನಾನೇ ಮೊದಲೇ ಬರೆದುಕೊಟ್ಟಿದ್ದೆ.

ಮಾರ್ಚ್ ೫, ಬುಧವಾರ

ರಜೆ ಹಾಕಿ ಗುಬ್ಬಿಗೆ ಹೋದೆ. ಕದರಯ್ಯನವರು ತೋಟದಲ್ಲಿ ಗರಿ ಎಳೆದುಹಾಕುತ್ತಿದ್ದರು. ಹೆಂಡತಿಯನ್ನು ಕೂಗಿ ಮಜ್ಜಿಗೆ ತರಿಸಿದರು. ಎಂಟು ಹಲಸಿನ ಮರವನ್ನೂ ಒಂದೊಂದಾಗಿ ನೋಡಿದೆ. ನೋಡುವುದಕ್ಕೆ ಏನಿತ್ತು? ಸುಮ್ಮನೆ ಮುಟ್ಟಿದೆ. ಕೇಳಬೇಕಾದ್ದನ್ನು ಕೇಳಲು ಮಜ್ಜಿಗೆ ಮುಗಿಯುವವರೆಗೂ ಆಗಲಿಲ್ಲ.

"ಯಜಮಾನ್ರೇ, ನಮ್ ಚೈತನ್ಯ ಇಲ್ಲಿಗೆ ಎಷ್ಟು ಸಲ ಬಂದಿದ್ರು?"

"ಎಲ್ಡು ಸಲ ಬಂದಿದ್ನಲ್ಲವ್ವ. ಮೊದಲ್ನೇ ಸಲ ನಿನ್ ಜೊತೆ. ಆಮ್ಯಾಕೆ ಒಂದ್ವಾರಕ್ಕೆ ನಿಮ್ಮಪ್ಪನ್ ಜೊತೆ."

"ನಮ್ಮಪ್ಪ?"

"ಹೂಂ ಕಣವ್ವ. ಶಿವರಾಮಯ್ಯನೇ ಕರ್ಕಂಡ್ ಬಂದಿದ್ದ. ಮೊದ್ಲು ಕಿತ್ತಿದ್ದು ಕೆಟ್ಟೋದ್ವಂತೆ, ಇನ್ನೊಂದ್ಸಲ ಎಲೆ ಬೇಕು ಅಂದ್ರು. ಅವೇ ಎಂಟು ಮರದಾಗೆ ಕಿತ್ಕಂಡ್ರು. ನಿಂಗೆ ಹೇಳಿಲ್ವಾ?"

"ಹೇಳಿದ್ರು. ಮರ್ತಿದ್ದೆ," ಅಂದೆ.

ಕದರಯ್ಯನವರ ಮುಂದೆ ಸುಳ್ಳು ಹೇಳಿ ಎದ್ದು ಬಂದೆ. ಬಸ್ ನಿಲ್ದಾಣದಲ್ಲಿ ತುಮಕೂರಿನ ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ಚೇಳೂರಿನ ಬಸ್ಸೂ ಬಂತು. ಅದನ್ನೂ ಹತ್ತಲಿಲ್ಲ.

ಮಾರ್ಚ್ ೬, ಗುರುವಾರ

ಅಪ್ಪ ಎರಡು ಸಲ ಫೋನ್ ಮಾಡಿದ. ತೆಗೆಯಲಿಲ್ಲ.

ಮಾರ್ಚ್ ೮, ಶನಿವಾರ

ಕುಣಿಗಲ್‌ಗೆ ನಾನೇ ಹೋದೆ. ಐಸ್ ಡಬ್ಬಿ, ಕತ್ತರಿ, ಚೀಟಿ ಎಲ್ಲ ತೆಗೆದುಕೊಂಡು. ಪೇಟೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷ. ಇಷ್ಟು ಹತ್ತಿರ ಎಂದು ಗೊತ್ತಿರಲಿಲ್ಲ.

ಹನುಮಕ್ಕ ರಾಗಿ ಹುಲ್ಲಿನ ಮೆದೆ ಹತ್ತಿರ ಇದ್ದಳು. ನನ್ನ ನೆನಪಿನಲ್ಲಿದ್ದವಳು ದೊಡ್ಡ ಹೆಂಗಸು. ಎದುರಿಗೆ ಸಿಕ್ಕಿದ್ದು ನನ್ನ ಭುಜಕ್ಕೆ ಬರುವ, ತೆಳ್ಳನೆಯ ಒಂದು ಜೀವ. ಹಲಸಿನ ಸಂಶೋಧನೆಯವಳು, ತುಮಕೂರಿನಿಂದ ಬಂದಿದ್ದೇನೆ ಅಂದೆ. ಯಾರ ಮಗಳು ಎಂದು ಹೇಳಲಿಲ್ಲ.

"ಇದುವರ್ಗೂ ಯಾರಾದ್ರೂ ಎಲೆ ತಗಂಡು ಹೋಗೋಕೆ ಬಂದಿದ್ರಾ ಹನುಮಕ್ಕ?"

"ನನ್ ಮರದ್ ಎಲೆನಾ? ಮ್ಯಾಕೆ ಬಿಟ್ರೆ ಇನ್ಯಾರವ್ವ ಬರ್ತಾರೆ? ಯಾರೂ ಬಂದಿಲ್ಲ," ಎಂದು ನಕ್ಕಳು.

ಮರಗಳ ಹತ್ತಿರ ಕರೆದುಕೊಂಡು ಹೋದರು. ಅಪ್ಪ ಕೊಟ್ಟ ನಲವತ್ತರಲ್ಲಿ ಹತ್ತೊಂಬತ್ತು ಉಳಿದಿವೆ. ಬಾಕಿಯವನ್ನು ಅವರ ಭಾವ ರಂಗಯ್ಯ ಕಡಿಸಿದನಂತೆ.

"ನೀರ್ ಹಾಕಿಲ್ಲ ಅಂತ ಹತ್ತು ವರ್ಸ ಅನ್ನಿಸ್ಕಂಡೆ ಕಣವ್ವ. ಗಿಡ ಕೊಟ್ಟೋನೂ ಅದ್ನೇ ಅಂದ, ನಮ್ ಭಾವನೂ ಅದ್ನೇ ಅಂದ. ಗಂಡ ಇರೋಗಂಟ ಅವ್ನೂ ಅಂದ. ಅಗೋ, ಆ ಬೋರಿಂದ ಬಿಂದಿಗೇಲಿ ಹೊತ್ತಿವ್ನಿ, ನಲವತ್ತು ಗಿಡಕ್ಕೂ. ಸೊಂಟ ಹಿಂಗಾಗಿರೋದು ಅದ್ಕೇಯ."

ಎಂಟು ಮರದಿಂದ ಎಲೆ ತೆಗೆದುಕೊಂಡೆ. ಕೊಂಬೆ ಬಗ್ಗಿಸಿ ಹಿಡಿದವರು ಅವರು. ಹೊರಡುವಾಗ ಹೆಸರು ಕೇಳಿದರು, "ಅನುಪಮಾ" ಅಂದೆ. ಊರು ಕೇಳಿದರು. "ತುಮಕೂರು" ಅಂದೆ.

ಮಾರ್ಚ್ ೯, ಭಾನುವಾರ, ಚೇಳೂರು

ಅಪ್ಪ ನರ್ಸರಿಯ ಹಸಿರು ಬಲೆಯ ನೆರಳಲ್ಲಿ ಕೂತು ಕಸಿ ಕಟ್ಟುತ್ತಿದ್ದ. ನಾನು ಹೋಗಿ ಎದುರಿಗೆ ಕೂತೆ.

"ಅಪ್ಪ, ನವೆಂಬರಲ್ಲಿ ಚೈತನ್ಯನ್ನ ಕದರಯ್ಯನ ತೋಟಕ್ಕೆ ಕರ್ಕೊಂಡು ಹೋಗಿದ್ಯಾ?"

ಚಾಕು ನಿಲ್ಲಲಿಲ್ಲ. ಕಡ್ಡಿಯ ತುದಿಯನ್ನು ಎರಡೂ ಕಡೆ ಸವರಿ, ಸೀಳಿಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗಂಟು ಹಾಕಿದ. ಆಮೇಲೆ, "ಹೋಗಿದ್ದೆ," ಅಂದ.

"ಕುಣಿಗಲ್ ಗಿಡ ನಮ್ ಮರದ್ದಲ್ವಾ?"

"ಆ ವರ್ಸ ಮರ ಚಿಗುರ್ಲಿಲ್ಲ ಕಣವ್ವ. ಇದ್ದಬದ್ದ ಕಡ್ಡಿ ಎಲ್ಲಾ ಗುಬ್ಬಿಗೆ ಹೋಯ್ತು. ನಲವತ್ತು ಗಿಡಕ್ಕೆ ಮಾತು ಕೊಟ್ಬುಟ್ಟಿದ್ದೆ. ಚೇಳೂರ್ ಶಿವರಾಮಯ್ಯ ಹೇಳಿದ್ ದಿನಕ್ಕೆ ಗಿಡ ಕೊಡ್ತಾನೆ ಅಂತ ಹೆಸರಿತ್ತು. ಕೆರೆ ಏರಿ ಪಕ್ಕದ್ ಮರದ ಕಡ್ಡಿ ಕಟ್ಟಿ ಕೊಟ್ಟೆ. ಎಲೆ ನೋಡಿದ್ರೆ ಒಂದೇ ಥರ. ಹಣ್ಣು ಬಿಡೋ ಹೊತ್ಗೆ ಯಾರ್ಗೆ ನೆನಪಿರುತ್ತೆ ಅಂದ್ಕಂಡೆ."

"ಅವ್ರಿಗೆ ನೆನಪಿತ್ತು."

ಅಪ್ಪ ಇನ್ನೊಂದು ಗಿಡ ಎತ್ತಿಕೊಂಡ.

"ಆವತ್ತು ಒಳಗೆ ಬಂದು, ಅವಳು ನೀರು ಹಾಕಿಲ್ಲ ಅಂದ್ಯಲ್ಲ. ಯಾರೂ ನಿನ್ನ ಕೇಳಿರ್ಲಿಲ್ಲ ಅಪ್ಪ. ಒಳಗೆ ನಾನೊಬ್ಳೇ ಇದ್ದೆ. ನಂಗ್ಯಾಕೆ ಹೇಳ್ದೆ?"

"ಇನ್ನೇನ್ ಮಾಡ್ಲವ್ವ, ಮಗಳ ಮುಂದೆ ಕಳ್ಳ ಆಗ್ಬೇಕಿತ್ತಾ?" ಎಂದು ಜೋರಾಗಿ ಅಂದುಬಿಟ್ಟ. ಒಳಗಿಂದ ಅಮ್ಮ ಬಾಗಿಲಿಗೆ ಬಂದು ನಿಂತಳು. ಏನು ಎತ್ತ ಎಂದು ಕೇಳಲಿಲ್ಲ. ಅಮ್ಮನಿಗೂ ಗೊತ್ತಿತ್ತು.

ಅಪ್ಪ ಆಮೇಲೆ ದನಿ ತಗ್ಗಿಸಿ, "ನಿಂಗೋಸ್ಕರಾನೇ ಆ ಹುಡುಗನ್ನ ಕೇಳ್ಕಂಡೆ. ಇದು ಆಚೆಗೆ ಬಂದ್ರೆ ನಿನ್ ಕೆಲ್ಸ, ನಿನ್ ಮರ್ಯಾದೆ ಏನಾಗುತ್ತೆ? ಒಳ್ಳೆ ಹುಡುಗ, ಒಪ್ಕಂಡ," ಅಂದ.

ಊಟ ಮಾಡದೆ ಬಂದೆ. ಹತ್ತು ವರ್ಷ ನಾನು ಓದಿದ್ದು ಒಂದು ಸುಳ್ಳನ್ನು ನಿಜ ಮಾಡುವುದಕ್ಕೆ. ಅದು ಸುಳ್ಳು ಎಂದು ಗೊತ್ತಿದ್ದ ಮೂವರು ನನಗೆ ಬುತ್ತಿ ಕಟ್ಟಿ, ಟೀ ಕೊಡಿಸಿ, ಚೆನ್ನಾಗಿ ಓದು ಎನ್ನುತ್ತಿದ್ದರು.

ಮಾರ್ಚ್ ೧೧, ಮಂಗಳವಾರ

ಚೈತನ್ಯನನ್ನು ಕ್ಯಾಂಟೀನಿನ ಹಿಂದಿನ ಹೊಂಗೆ ಮರದ ಕೆಳಗೆ ಕರೆದೆ. ನಿರಾಕರಿಸಲಿಲ್ಲ.

"ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು ಕೇಳಿದ್ರು ಅನು. ಕಣ್ಣಲ್ಲಿ ನೀರಿತ್ತು. ನಾನೇನು ಮಾಡ್ಲಿ?"

"ನಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ. ಎಲ್ಲಾ ಮಾಡಿದ್ದು ನಿನಗೋಸ್ಕರ."

ಎರಡು ದಿನದಲ್ಲಿ ಎರಡನೇ ಸಲ ಕೇಳುತ್ತಿದ್ದೇನೆ ಈ ಮಾತನ್ನು. "ಆ ಪೊಟ್ಟಣಗಳ ಮೇಲೆ ನನ್ನ ಕೈಬರಹ ಇತ್ತು ಚೈತನ್ಯ," ಅಂದೆ. ಅವನಿಗೆ ಅರ್ಥವಾಗಲಿಲ್ಲ. "ಹೇಗೂ ಕಸಿ ಗಿಡ, ಯಾವ ಟೆಸ್ಟಲ್ಲೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಆ ಸಾಫ್ಟ್‌ವೇರ್ ನಿನ್ನ ಕೈಲಿ ಆಗಲ್ಲ ಅಂತಾನೂ ಅಂದ್ಕೊಂಡಿದ್ದೆ," ಅಂದ.

ಮಿಕ್ಕಿದ್ದಕ್ಕೆಲ್ಲ ಅಳು ಬಂದಿತ್ತು. ಈ ಮಾತಿಗೆ ಬರಲಿಲ್ಲ.

ಮಾರ್ಚ್ ೧೨, ಬುಧವಾರ

ಸರ್ ಹತ್ತಿರ ಎಲ್ಲ ಹೇಳಿದೆ. ಮೂರು ಸಲ ಹಾಕಿ ನೋಡಿದ ಚಿತ್ರಗಳು, ಕದರಯ್ಯನವರ ಮಾತು, ಅಪ್ಪನ ಮಾತು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಿಂಗಳ ಕೊನೆಗೆ ವರದಿ ಹೋಗ್ಬೇಕು ಅನುಪಮಾ."

"ಗೊತ್ತು ಸರ್."

"ಇದು ಹೊರಗೆ ಬಂದ್ರೆ ನಿಮ್ಮ ತಂದೆ ಹೆಸರೂ ಬರುತ್ತೆ. ಯೋಚನೆ ಮಾಡಿದೀರಾ?"

"ಇಲ್ಲ ಸರ್. ಮಾಡಿದ್ರೆ ಹೇಳೋಕೆ ಆಗ್ತಿರ್ಲಿಲ್ಲ."

ಸರ್ ಕನ್ನಡಕ ಮತ್ತೆ ಹಾಕಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಮುಚ್ಚಿಡೋಣ ಎನ್ನುತ್ತಾರೆ ಎಂಬ ಭಯವೂ ಇತ್ತು. ಈಚೆಗೆ ನನಗೆ ಎಲ್ಲರ ಬಗ್ಗೆಯೂ ಹಾಗೇ ಅನ್ನಿಸುತ್ತದೆ. "ಹೊಸ ಎಲೆ ಫ್ರೀಜರಲ್ಲಿದೆಯಾ?" ಅಂತಷ್ಟೇ ಕೇಳಿದರು. ಇದೆ ಅಂದೆ. "ಸರಿ, ಡಿಎನ್‌ಎ ತೆಗೀರಿ. ಬೆಂಗಳೂರಿಗೆ ಕಳಿಸೋಣ. ವರದಿ ತಡವಾಗುತ್ತೆ ಅಂತ ನಾನು ಬರೀತೀನಿ."

ಮಾರ್ಚ್ ೩೦, ಭಾನುವಾರ

ಯುಗಾದಿ. ಊರಿಗೆ ಹೋಗಲಿಲ್ಲ. ಅಮ್ಮ ಫೋನ್ ಮಾಡಿ, "ಒಬ್ಬಟ್ಟು ಯಾರ್ ಕೈಲಾದ್ರೂ ಕಳಿಸ್ಲಾ?" ಅಂದಳು. ಬೇಡ ಅಂದೆ. ಹಿಂದಿನಿಂದ ಅಪ್ಪನ ಕೆಮ್ಮು ಕೇಳಿಸಿತು.

ಚೈತನ್ಯ ಹೋದ ವಾರ ರಾಜೀನಾಮೆ ಕೊಟ್ಟ. ಅವನ ಕುರ್ಚಿ ಹಾಗೇ ಇದೆ.

ಮೇ ೨೧, ಬುಧವಾರ

ಬೆಂಗಳೂರಿನಿಂದ ಮಾಹಿತಿ ಬಂತು. ಬೆಳಿಗ್ಗೆ ಹತ್ತಕ್ಕೆ ಹಾಕಿದೆ, ಹನ್ನೆರಡಕ್ಕೆ ಚಿತ್ರ ಸಿದ್ಧ. ನಡುವೆ ಒಂದು ಪ್ಯಾಕೇಜ್ ತಕರಾರು ಮಾಡಿತು, ಹಳೆಯ ಆವೃತ್ತಿ ಹಾಕಿ ಸರಿಪಡಿಸಿದೆ. ಧಾರವಾಡದಿಂದ ಯಾರೋ ಒಬ್ಬ ಹುಡುಗಿ ಇದೇ ಸಾಫ್ಟ್‌ವೇರ್ ಹಾಕಲಾಗದೆ ಅಳುತ್ತಾ ಫೋನ್ ಮಾಡಿದ್ದಳು. ವೇದಿಕೆಯಲ್ಲಿ ನನ್ನ ಹೆಸರು ನೋಡಿದಳಂತೆ. ಚಿತ್ರ ಬರುವವರೆಗೆ ಅವಳಿಗೆ ಒಂದೊಂದೇ ಸಾಲು ಹೇಳುತ್ತಾ ಕೂತೆ.

ಗುಬ್ಬಿಯ ಎಂಟು ಎಲೆ ತಾಯಿಮರದ ಸುತ್ತ ಕೂತಿವೆ. ಕುಣಿಗಲ್‌ನ ಎಂಟೂ ದೂರದಲ್ಲಿ, ಬೇರೆ ಕವಲಿನಲ್ಲಿ. ಗುರುತುಗಳ ಮಾತು ಹಾಗಿರಲಿ, ಅಕ್ಷರವೇ ಬೇರೆ. ಅದು ಬೇರೆಯದೇ ಮರ.

ಗೊತ್ತಿದ್ದದ್ದೇ. ಆದರೂ ಕೊನೆಯವರೆಗೂ ಅಪ್ಪನೇ ತಪ್ಪು ತಿಳಿದಿದ್ದರೆ ಎಂಬ ಒಂದು ಆಸೆ ಎಲ್ಲೋ ಇತ್ತು.

ಜೂನ್ ೭, ಶನಿವಾರ

ಎಲೆ ಕೊಟ್ಟ ರೈತರಿಗೆ ಕೇಂದ್ರದಿಂದ ಕನ್ನಡದಲ್ಲಿ ಒಂದು ಪತ್ರ ಕಳಿಸುವುದು ರೂಢಿ. ಅಂಚೆಯಲ್ಲಿ ಹಾಕೋಣವೇ ಎಂದು ಸರ್ ಕೇಳಿದರು. ನಾನೇ ಕೊಟ್ಟು ಬರುತ್ತೇನೆ ಅಂದೆ.

ಹನುಮಕ್ಕನವರಿಗೆ ಓದಲು ಬರುವುದಿಲ್ಲ. ಪತ್ರದ ಸಾರ ಹೇಳಿದೆ: ನೀವು ನೀರು ಹಾಕಿದ್ದು ಸರಿಯೇ, ಗಿಡವೇ ಬೇರೆ ಮರದ್ದು. ಅವರು ಅಳಲಿಲ್ಲ, ನಗಲೂ ಇಲ್ಲ. "ನಿಂತ್ಕಾ," ಎಂದು ಹೇಳಿ, ಸರಸರ ನಡೆದು ಹೋಗಿ, ಪಕ್ಕದ ಮನೆಯಿಂದ ಭಾವ ರಂಗಯ್ಯನನ್ನು ಕರೆದುಕೊಂಡು ಬಂದರು. ಎಲೆ ಅಡಿಕೆ ಅಗಿಯುತ್ತಾ ಬಂದ ದಪ್ಪ ಮನುಷ್ಯ. ಅವನನ್ನು ಜಗಲಿ ಮೇಲೆ ಕೂರಿಸಿ, ತಾವು ನಿಂತೇ ಇದ್ದು, "ಈಗ ಓದವ್ವ, ಜೋರಾಗಿ," ಅಂದರು.

ಓದಿದೆ. "ಸದರಿ ಮರಗಳ ಹಣ್ಣಿನ ಗುಣಕ್ಕೂ ರೈತ ಮಹಿಳೆಯ ಆರೈಕೆಗೂ ಸಂಬಂಧವಿರುವುದಿಲ್ಲ" ಎನ್ನುವ ಸಾಲು ಬಂದಾಗ, "ಇನ್ನೊಂದ್ ಸಲ," ಅಂದರು. ಇನ್ನೊಂದು ಸಲ ಓದಿದೆ. ರಂಗಯ್ಯ ಅಗಿಯುವುದನ್ನು ನಿಲ್ಲಿಸಿದ.

"ಗಿಡ ಕೊಟ್ಟೋನ ಹೆಸ್ರೈತಾ ಅದ್ರಲ್ಲಿ?"

"ಇದೆ."

"ಅದ್ನೂ ಓದು."

"ಚೇಳೂರಿನ ಶಿವರಾಮಯ್ಯ ಎಂಬುವವರಿಂದ ಪಡೆದ ಗಿಡಗಳು," ಎಂದು ಓದಿದೆ. ಕಾಗದ ಮಡಚಿದೆ. "ಹನುಮಕ್ಕ, ಅವರು ನಮ್ಮಪ್ಪ."

ಅವರು ನನ್ನ ಮುಖವನ್ನೇ ನೋಡಿದರು. ರಂಗಯ್ಯ ಏನೋ ಹೇಳಲು ಹೋದ, ಅವನತ್ತ ತಿರುಗದೆಯೇ ಕೈ ಅಡ್ಡ ಹಿಡಿದು ಸುಮ್ಮನಾಗಿಸಿದರು.

"ಅವತ್ತು ಊರು ಕೇಳ್ದಾಗ ತುಮಕೂರು ಅಂದೆ ನೀನು."

"ಹೂಂ."

"ಚೇಳೂರು ಅಂದಿದ್ರೆ ಒಂದೆಲೆ ಮುಟ್ಟೋಕೂ ಬುಡ್ತಿರ್ಲಿಲ್ಲ ಕಣೇ."

"ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ," ಅಂದೆ. ಅಂದ ಮೇಲೆ, ಹೊಂಗೆ ಮರದ ಕೆಳಗೆ ಚೈತನ್ಯ ಹೇಳಿದ ಮಾತನ್ನೇ ನಾನೂ ಹೇಳಿದ್ದೇನೆ ಅನ್ನಿಸಿತು. ತಪ್ಪಾಯ್ತು ಅಂದೆ. ಅವರು ಪರವಾಗಿಲ್ಲ ಅನ್ನಲಿಲ್ಲ. ಪತ್ರ ಇಸಿದುಕೊಂಡು ಒಳಗೆ ಹೋದರು. ನಾನು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದೆ. ಅವರು ಹೊರಗೆ ಬರಲಿಲ್ಲ. ಆಟೋ ಸಿಗಲಿಲ್ಲ, ನಡೆದುಕೊಂಡೇ ಕುಣಿಗಲ್ ಪೇಟೆಗೆ ಬಂದೆ.

ಜೂನ್ ೮, ಭಾನುವಾರ, ಚೇಳೂರು

ಮೂರು ತಿಂಗಳಾದ ಮೇಲೆ ಮನೆಗೆ ಬಂದೆ. ಅಮ್ಮ ತಟ್ಟೆ ಹಾಕುವಾಗ ನಿನ್ನೆ ಕುಣಿಗಲ್‌ಗೆ ಹೋಗಿದ್ದನ್ನು ಹೇಳಿದೆ. ಮುದ್ದೆ ಮುರಿಯುವಾಗ ಅಪ್ಪ ಬಂದು ಗೋಡೆಗೆ ಒರಗಿ ಕೂತ.

"ಹೋಗಿದ್ಯಂತೆ."

"ಹೂಂ. ಓದಿ ಹೇಳಿ ಬಂದೆ. ನಿನ್ನ ಹೆಸರೂ ಓದಿದೆ."

"ಏನಂದ್ಲು?"

"ಏನೂ ಅನ್ನಲಿಲ್ಲ."

ಅದನ್ನು ಕೇಳಿ ಅಪ್ಪ ಕುಗ್ಗಿಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆಮೇಲೆ, "ಎಷ್ಟು ಮರ ಉಳಿದವೆ?" ಅಂದ.

"ಹತ್ತೊಂಬತ್ತು."

"ಮರ ಬಲವಾಗಿದ್ರೆ ತಲೆ ಕಡಿದು ಮೇಲ್ಗಡೆ ನಮ್ ಕಡ್ಡಿ ಕಟ್ಬೋದು. ನಾಲ್ಕು ವರ್ಸಕ್ಕೆ ಕೆಂಪು ಹಣ್ಣೇ ಬಿಡುತ್ತೆ. ಅವ್ಳು ಒಪ್ತಾಳಾ? ನೀನೊಂದ್ ಮಾತು ಕೇಳ್ತೀಯಾ?"

"ನೀನೇ ಹೋಗಿ ಕೇಳು."

ನಾನು ಕೈ ತೊಳೆದು ಬಂದಾಗ ಅಪ್ಪ ಅಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಗೆದ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲ ಹತ್ತಿರ ಬಂದು ನಿಂತ. ಅಂಗಿಯ ಮೇಲಿನ ಗುಂಡಿ ಹಾಕಲು ಮರೆತಿದ್ದ. ಕುಣಿಗಲ್‌ಗೆ ಹೇಗೆ ಹೋಗುವುದು ಎಂದು ಕೇಳಿದ. ಗುಬ್ಬಿಗೆ ಹೋಗಿ, ತುಮಕೂರಿನ ಬಸ್ಸು ಹತ್ತಿ, ಅಲ್ಲಿಂದ ಕುಣಿಗಲ್ ಬಸ್ಸು, ಆಮೇಲೆ ಆಟೋ ಎಂದು ಹೇಳಿದೆ. ಊರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಚೀಟಿಯನ್ನು ಜೇಬಿಗಿಟ್ಟುಕೊಂಡು ಇನ್ನೂ ಅಲ್ಲೇ ನಿಂತಿದ್ದ.

"ಜೊತೆಗೆ ಬರ್ತೀಯೇನವ್ವ?"

"ಇಲ್ಲ ಅಪ್ಪ," ಅಂದೆ.